ಇಪ್ಪತ್ತೆಂಟು ಸೆಕೆಂಡು ಹಿಂದಿದ್ದ ಅಕ್ಕ

ಅಕ್ಕನ ಮಗಳ ಕುಬಸವನ್ನು ವಾಡಿಯ ನಮ್ಮ ಮನೆಯಲ್ಲಿ ಮಾಡುವುದೆಂದು ಗೊತ್ತಾದಾಗ ನನ್ನ ಮೊದಲ ಪ್ರಶ್ನೆ ಅಡುಗೆಯವರು ಯಾರು ಎಂಬುದಾಗಿರಲಿಲ್ಲ, ಅಕ್ಕ ಬರುತ್ತಾಳೋ ಇಲ್ಲವೋ ಎಂಬುದಾಗಿತ್ತು. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ತಲೆಯ ಮೇಲೆ ಅಕ್ಕಿಕಾಳು ಹಾಕಿ ಹರಸುವುದು ತವರಿನವರ ಕೆಲಸ. ತವರೆಂದರೆ ಚಿಂಚೋಳಿಯ ಅಕ್ಕನ ಮನೆ. ಆದರೆ ಚಂದ್ರಂಪಳ್ಳಿ ಜಲಾಶಯದಲ್ಲಿ ಕೆಲಸಕ್ಕಿದ್ದ ನಮ್ಮ ಭಾವ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಆ ಮನೆಯಲ್ಲಿ ಸದ್ಯ ಶುಭಕಾರ್ಯ ಬೇಡ, ಚಿಕ್ಕಮ್ಮನ ಮನೆಯೂ ತವರೇ ಅಲ್ಲವೇ ಎಂದು ಹಿರಿಯರು ಅದನ್ನು ನನ್ನ ಕೊರಳಿಗೆ ಹಾಕಿದರು. ನಾನು ಸಂತೋಷದಿಂದಲೇ ಒಪ್ಪಿಕೊಂಡೆ.

ಅಕ್ಕ ಫೋನಿನಲ್ಲಿ ಒಂದೇ ಮಾತಿಗೆ ಮುಗಿಸಿಬಿಟ್ಟಳು. "ನಾ ಬರಂಗಿಲ್ಲ. ಮುತ್ತೈದೇರ ನಡುವ ನಾ ಬಂದು ಏನ್ ಮಾಡ್ಲಿ?"

"ಹಡದಾಕಿ ನೀ. ನಿನ್ನ ಬಿಟ್ಟು ಯಾವ ದೊಡ್ಡ ಮುತ್ತೈದಿನ ಕರೀಲಿ?" ಎಂದೆ.

"ನಾಳಿ ಕೂಸಿಗಿ ಏನರ ಹೆಚ್ಚುಕಮ್ಮಿ ಆದ್ರ ನನ್ನ ಮ್ಯಾಲೇ ಬರ್ತದ. ಬ್ಯಾಡ, ನನಗ ಭಾಳ ಅಂಜಿಕಿ ಅದ."

ಸೇಡಂನಲ್ಲಿರುವ ಬೀಗತಿಗೆ, ಅಂದರೆ ಹುಡುಗಿಯ ಅತ್ತೆಗೆ, ಫೋನು ಮಾಡಿ ನೀವಾದರೂ ಕರೆಯಿರಿ ಎಂದೆ. "ಅವರ ಮರ್ಜಿರಿ. ನಾವು ಬರ್ರಿ ಅನ್ನಂಗಿಲ್ಲ, ಬರಬ್ಯಾಡ್ರಿ ಅನ್ನಂಗಿಲ್ಲ" ಎಂದರು ಅವರು. ಎರಡೂ ಮನೆಯಲ್ಲಿ ಬೆಳಿಗ್ಗೆ ಎದ್ದು ಶರಣರ ವಚನ ಹೇಳದೆ ಚಹಾ ಕುಡಿಯುವುದಿಲ್ಲ. ಆ ವಚನಗಳನ್ನು ನಾನು ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದೇನೆ. ನನಗೆ ಸಿಟ್ಟು ಬೇಗ ಬರುತ್ತದೆ, ಬಂದಮೇಲೆ ಯಾರ ಮೇಲೆ ಎಂದು ಹುಡುಕಬೇಕಾಗುತ್ತದೆ. ಆ ದಿನ ಮನೆಯಲ್ಲಿ ಯಜಮಾನರೊಬ್ಬರೇ ಇದ್ದರು, ಆದ್ದರಿಂದ ಅವರಿಗೇ ಬೈದೆ.

ಎರಡು ದಿನ ಬಿಟ್ಟು ಅಕ್ಕ ತಾನೇ ಫೋನು ಮಾಡಿದಳು. ಹಿಂದೊಮ್ಮೆ ನೆಂಟರ ಮದುವೆಯನ್ನು ಯಾರೋ ವಿಡಿಯೋ ಕಾಲ್ ಮಾಡಿ ತೋರಿಸಿದ್ದರಂತೆ. ಅವಳಿಗೆ ಕಂಡದ್ದು ತಿರುಗುವ ಫ್ಯಾನು ಮತ್ತು ಯಾರದೋ ಮೊಣಕೈ. "ಹಂಗ ತೋರಸ್ಬ್ಯಾಡ. ನನಗ ಆಕಿ ಮಾರಿ ಕಾಣಬೇಕು, ಬಳಿ ಇಡೋ ಹೊತ್ತಿಗಿ ಕೈ ಕಾಣಬೇಕು, ಉಡಿ ತುಂಬೋ ಹೊತ್ತಿಗಿ ಉಡಿ ಕಾಣಬೇಕು. ನನ್ನ ಮಾರಿ ಮಾತ್ರ ಅಲ್ಲಿ ಯಾರಿಗೂ ಕಾಣಬಾರ್ದು" ಎಂದಳು. ನಂತರ, "ಎಲ್ಲಾರೂ ಅಕ್ಕಿಕಾಳು ಹಾಕೋ ಹೊತ್ತಿಗಿ ನಾನೂ ಇಲ್ಲಿಂದ ಹಾಕ್ತೀನಿ. ಅದೊಂದು ತಪ್ಪಸ್ಬ್ಯಾಡವ್ವ" ಎಂದಳು.

ಆಯಿತು ಎಂದುಬಿಟ್ಟೆ. ಏನು ಆಯಿತು ಎಂದು ನನಗೇ ಗೊತ್ತಿರಲಿಲ್ಲ.

ಮುಖಕ್ಕೊಂದು, ಕೈಗೊಂದು, ಉಡಿಗೊಂದು, ಹೀಗೆ ಮೂರು ಕ್ಯಾಮೆರಾ ಬೇಕು, ಮೂರನ್ನೂ ಒಂದು ಕಂಪ್ಯೂಟರಿಗೆ ತಂದು ಬೇಕಾದಾಗ ಬೇಕಾದ್ದನ್ನು ತೋರಿಸಬೇಕು ಎಂಬಲ್ಲಿಗೆ ಬಂದದ್ದು ಎಷ್ಟೋ ವಿಡಿಯೋ ನೋಡಿದ ಮೇಲೆ. ಕೊರೊನಾ ಕಾಲದಲ್ಲಿ ಪಾಠ ಮಾಡಲು ಕೊಂಡ ಲ್ಯಾಪ್‌ಟಾಪ್ ಇತ್ತು. ಕ್ಯಾಮೆರಾಗಳ ಬದಲು ನನ್ನ ಫೋನು, ಯಜಮಾನರ ಫೋನು, ಹುಡುಗಿಯ ಫೋನು. ಒಂದು ಪುಕ್ಕಟೆ ಸಾಫ್ಟ್‌ವೇರ್ ಇಳಿಸಿಕೊಂಡೆ. ಅದನ್ನು ತೆರೆದರೆ ಕಪ್ಪು ಪರದೆ, ಕೆಳಗೆ ನಾಲ್ಕೈದು ಖಾಲಿ ಡಬ್ಬಿಗಳು. ಒಂದರ ಮೇಲೆ ಸೀನ್ ಎಂದಿತ್ತು, ಇನ್ನೊಂದರ ಮೇಲೆ ಸೋರ್ಸ್. ಸೀನಿನೊಳಗೆ ಸೋರ್ಸ್ ಇರುತ್ತದೋ ಸೋರ್ಸಿನೊಳಗೆ ಸೀನ್ ಇರುತ್ತದೋ ತಿಳಿಯಲು ನನಗೆ ಒಂದು ಭಾನುವಾರ ಹಿಡಿಯಿತು. ಕಡೆಗೆ ಮೂರು ಸೀನ್ ಮಾಡಿ ಅವಕ್ಕೆ ಮಾರಿ, ಕೈ, ಉಡಿ ಎಂದು ಹೆಸರಿಟ್ಟೆ. ಮಾರಿಯನ್ನು ಒತ್ತಿದರೆ ಕೈ ಬರುತ್ತಿತ್ತು. ಕೈಯನ್ನು ಒತ್ತಿದರೆ ಯಜಮಾನರ ಅಂಗಿಜೇಬಿನ ಒಳಗು ಕಾಣುತ್ತಿತ್ತು, ಏಕೆಂದರೆ ಅವರು ಫೋನು ಜೇಬಿಗೆ ಹಾಕಿಕೊಂಡು ಡ್ಯೂಟಿಗೆ ಹೊರಟಿದ್ದರು.

ಒಮ್ಮೆ ಏನೋ ಒತ್ತಿದೆ. ಪರದೆಯೊಳಗೆ ಪರದೆ, ಅದರೊಳಗೆ ಇನ್ನೊಂದು ಪರದೆ, ಹೀಗೆ ಒಳಕ್ಕೆ ಹೋಗುತ್ತಲೇ ಇತ್ತು. ಎಲ್ಲದರಲ್ಲೂ ಬಾಯಿ ತೆರೆದು ಕೂತ ನಾನೇ. ಹೆದರಿ ಲ್ಯಾಪ್‌ಟಾಪ್ ಮುಚ್ಚಿ ಸಾರಿಗೆ ಒಗ್ಗರಣೆ ಹಾಕಲು ಎದ್ದುಹೋದೆ.

ಚಿತ್ತಾಪುರದ ಪರಿಚಯದ ಫೋಟೋ ಸ್ಟುಡಿಯೋದವರು ಮೂರು ಕಾಲಿನ ಎರಡು ಸ್ಟ್ಯಾಂಡ್ ಕೊಟ್ಟರು. ನಮ್ಮ ಮನೆಯ ನೆಲಕ್ಕೆ ನುಣುಪಾದ ಶಹಾಬಾದ ಕಲ್ಲು, ಮೇಲೆ ಸಿಮೆಂಟ್ ಫ್ಯಾಕ್ಟರಿಯಿಂದ ದಿನವೂ ಬಂದು ಕೂರುವ ಬಿಳಿ ಧೂಳು. ಸ್ಟ್ಯಾಂಡು ನಿಂತಲ್ಲಿ ನಿಲ್ಲದೆ ಜಾರುತ್ತಿತ್ತು. ರೊಟ್ಟಿಗೆ ನಾದಿದ ಜೋಳದ ಹಿಟ್ಟನ್ನೇ ಆರು ಉಂಡೆ ಮಾಡಿ ಎರಡರ ಕಾಲುಗಳ ಕೆಳಗೂ ಒತ್ತಿದೆ, ನಿಂತವು. ಮೂರನೇ ಫೋನು ಮೇಲಿನಿಂದ ಉಡಿಯನ್ನು ನೋಡಬೇಕಿತ್ತು. ಅದಕ್ಕೆ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಸಿಕ್ಕಿತು. ಲಂಗದ ಲಾಡಿಯಿಂದ ಫೋನನ್ನು ತಲೆಕೆಳಗಾಗಿ ಬಿಗಿದೆ. ಈ ಎರಡು ಕೆಲಸಕ್ಕೆ ಯಾವ ವಿಡಿಯೋವನ್ನೂ ನೋಡಬೇಕಾಗಲಿಲ್ಲ.

ನಂತರ ಬಂತು ನನ್ನ ತಲೆ ಕೆಡಿಸಿದ ಸಂಗತಿ. ನಾನು ಲಿಂಕ್ ಕಳಿಸಿದವರಿಗೆ ಮಾತ್ರ ಕಾಣುವಂತೆ ನೇರಪ್ರಸಾರ ಶುರುಮಾಡಿ, ಅಡುಗೆಮನೆಯ ಟ್ಯಾಬಿನಲ್ಲಿ ಅದನ್ನೇ ಹಾಕಿಟ್ಟು, ಹಾಲ್‌ಗೆ ಬಂದು ಪರೀಕ್ಷೆಗೆಂದು ಮಾತಾಡಿದೆ. "ಒಂದು ಕಪ್ ಚಹಾ ಇಡ್ರಿ" ಎಂದೂ ಅಂದೆ. ಯಜಮಾನರು ಚಹಾಕ್ಕೆ ಇಟ್ಟರು. ಅರ್ಧ ನಿಮಿಷದಲ್ಲಿ ಟ್ಯಾಬಿನೊಳಗಿನ ನಾನು ಮತ್ತೆ ಚಹಾ ಇಡ್ರಿ ಎಂದೆ. ಅವರು ಇನ್ನೊಂದು ಕಪ್ ನೀರು ಹಾಕಿದರು. "ಎಷ್ಟ್ ಸಲ ಹೇಳ್ತಿ, ಕಿವಿ ಅವ ನನಗ" ಎಂದು ಒಳಗಿನಿಂದ ಕೇಳಿದರು. ನಾನು ಒಂದೇ ಸಲ ಹೇಳಿದ್ದೆ.

ನೇರಪ್ರಸಾರ ನೇರವಾಗಿರುವುದಿಲ್ಲ ಎಂದು ತಿಳಿದದ್ದು ಹೀಗೆ. ಅಕ್ಕನನ್ನು ಸಾದಾ ಫೋನ್ ಕರೆಯಲ್ಲಿ ಹಿಡಿದುಕೊಂಡು, ಕ್ಯಾಮೆರಾದ ಮುಂದೆ ಕೈ ಎತ್ತಿ, ಗಡಿಯಾರ ನೋಡುತ್ತ ಕೂತೆ.

"ಎತ್ತಿದಿ?" ಎಂದು ಕೇಳಿದಳು ಅಕ್ಕ.

"ಎತ್ತೀನಿ."

"ಇಲ್ಲಿ ಇನ್ನಾ ತಲಿ ಕೆರಕೋಲಿಕತ್ತಿ ನೋಡು." ತುಸು ಹೊತ್ತಿನ ಮೇಲೆ, "ಹಾಂ, ಈಗ ಎತ್ತಿದಿ" ಎಂದಳು.

ಇಪ್ಪತ್ತೆಂಟು ಸೆಕೆಂಡು. ಮತ್ತೆ ಮಾಡಿದರೂ ಅಷ್ಟೇ. ತಡ ಕಡಿಮೆ ಮಾಡುವ ಒಂದು ಆಯ್ಕೆ ಇತ್ತು, ಅದನ್ನು ಒತ್ತಿದರೆ ಚಿಂಚೋಳಿಯಲ್ಲಿ ಬರೀ ಚಕ್ರ ತಿರುಗುತ್ತಿತ್ತು. ಅಕ್ಕ ಮಾಳಿಗೆ ಹತ್ತಿ ನೋಡಿದಳು, ದೇವರಮನೆಯಲ್ಲಿ ಕೂತು ನೋಡಿದಳು, ಚಕ್ರ ನಿಲ್ಲಲಿಲ್ಲ. ಒಂದು ವಾರ ನಾನು ಆ ಇಪ್ಪತ್ತೆಂಟರ ಜೊತೆ ಗುದ್ದಾಡಿದೆ. ಒಮ್ಮೆ ಇಪ್ಪತ್ತಾರಕ್ಕೆ ಇಳಿಯಿತು. ಮರುದಿನ ಮತ್ತೆ ಇಪ್ಪತ್ತೆಂಟು.

ತಲೆನೋವು ಅಕ್ಕಿಕಾಳಿನದು. ಅಕ್ಕ ತನ್ನ ಪರದೆ ನೋಡಿ ಅಕ್ಕಿಕಾಳು ಹಾಕಿದರೆ ಆ ಹೊತ್ತಿಗೆ ಇಲ್ಲಿ ಎಲ್ಲ ಮುಗಿದು ಹುಡುಗಿ ಎದ್ದು ಊಟಕ್ಕೆ ಹೋಗಿರುತ್ತಾಳೆ. ಫೋನು ಮಾಡಿ ಈಗ ಹಾಕು ಎಂದರೆ ಅವಳ ಪರದೆಯಲ್ಲಿ ಇನ್ನೂ ಆರತಿಯೇ ನಡೆದಿರುತ್ತದೆ, ಅವಳು ಯಾರ ಮೇಲೆ ಹಾಕಬೇಕು? ಯಾವುದು ಈಗ? ವರ್ತಮಾನಕಾಲ, ಭೂತಕಾಲ, ಭವಿಷ್ಯತ್‌ಕಾಲ ಎಂದು ಬೋರ್ಡಿನ ಮೇಲೆ ಮೂರು ಗೆರೆ ಎಳೆದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೆ ನಾನು. ನನಗೇ ಈಗ ಎಂಬ ಎರಡಕ್ಷರ ತಿಳಿಯದೆ ಹೋಯಿತು. ಕಾಗದದ ಮೇಲೆ ಎರಡು ಗಡಿಯಾರ ಬರೆದು ಬಾಣ ಹಾಕಿ ನೋಡಿದೆ. ಬಾಣ ಯಾವ ಕಡೆಯಿಂದ ಯಾವ ಕಡೆಗೆ ಎಂಬಲ್ಲೇ ಯಜಮಾನರೊಡನೆ ಜಗಳವಾಯಿತು.

ಯಜಮಾನರು ರೈಲ್ವೆಯವರು. "ನಾಲವಾರದಾಗ ಗಾಡಿ ಬಿಟ್ಟಾಗ ವಾಡಿಯಾಗ ಗಾಡಿ ಇರಂಗಿಲ್ಲ. ಹಂಗಂತ ಗಾಡಿ ಸುಳ್ಳೇನು?" ಎಂದರು. ಹೇಳಿದ್ದು ಚೆನ್ನಾಗಿಯೇ ಇತ್ತು. ಆದರೂ ನಿಮ್ಮ ಗಾಡಿಯ ಕತೆ ಯಾರು ಕೇಳಿದರು ಎಂದು ರೇಗಿದೆ. ಹುಡುಗಿ ಆಗಲೇ ನಮ್ಮ ಮನೆಗೆ ಬಂದಿದ್ದಳು. ಮಂಚದ ಮೇಲೆ ಕಾಲು ಚಾಚಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. "ಸಣ್ಣವ್ವ, ಅವ್ವ ಖರೇನೇ ಅಕ್ಕಿಕಾಳು ಹಾಕ್ತಾಳೇನು?" ಎಂದು ಕೇಳಿದಳು. ಹಾಕುತ್ತಾಳಂತೆ, ಆದರೆ ಯಾವಾಗ ಹಾಕಬೇಕೆಂಬುದೇ ನನಗೆ ಬಗೆಹರಿಯುತ್ತಿಲ್ಲ, ಅವಳಿಗೆ ನಾವು ಕಾಣುವುದು ಇಪ್ಪತ್ತೆಂಟು ಸೆಕೆಂಡು ತಡವಾಗಿ ಎಂದೆ. ಅವಳು ಹ್ಞೂಂ ಎಂದಳು.

ಕುಬಸದ ದಿನ ಸೇಡಂನಿಂದ ಎರಡು ಜೀಪು ತುಂಬ ಜನ ಬಂದರು. ಮೂರೂ ಫೋನುಗಳಿಗೆ ಕರೆ ಬಾರದಂತೆ ಮಾಡಿಟ್ಟಿದ್ದೆ, ಏಕೆಂದರೆ ಒಂದು ಕರೆ ಬಂದರೂ ಆ ಕ್ಯಾಮೆರಾ ಸತ್ತುಹೋಗುತ್ತಿತ್ತು. ಹಾಗಾಗಿ ಪ್ರಸಾರ ಶುರುವಾದ ಮೇಲೆ ಅಕ್ಕನ ಜೊತೆ ಮಾತಾಡುವ ದಾರಿ ನನಗಿರಲಿಲ್ಲ. ಬೆಳಿಗ್ಗೆಯೇ ಅವಳಿಗೆ ಹೇಳಿದ್ದೆ, ನೀನು ಪರದೆ ನೋಡಿ ಹಾಕಿಬಿಡು, ಇಲ್ಲಿನ ಚಿಂತೆ ಬಿಡು ಎಂದು. ಹೇಳಿದೆನೇ ಹೊರತು ನನ್ನ ಮನಸ್ಸು ಒಪ್ಪಿರಲಿಲ್ಲ. ತಾಯಿ ಹಾಕಿದ ಅಕ್ಕಿಕಾಳು ಖಾಲಿ ಕುರ್ಚಿಯ ಮೇಲೆ ಬೀಳುತ್ತದೆಂದು ಆ ಕುರ್ಚಿಯನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ.

ಬೀಗತಿ ಒಳಗೆ ಬಂದವರೇ ತೊಲೆಗೆ ತೂಗಿದ ಫೋನನ್ನು ನೋಡಿ ನಿಂತರು. ನಾನು ಇದ್ದದ್ದು ಇದ್ದಂತೆ ಹೇಳಿದೆ, ಅಕ್ಕ ಚಿಂಚೋಳಿಯಲ್ಲಿ ಕೂತು ನೋಡುತ್ತಾಳೆ, ಅಲ್ಲಿಂದಲೇ ಅಕ್ಕಿಕಾಳು ಹಾಕುತ್ತಾಳೆ ಎಂದು. ಹಾಲ್‌ನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವಳ ಮುಖ ಇಲ್ಲಿ ಯಾರಿಗೂ ಕಾಣುವುದಿಲ್ಲ, ಧ್ವನಿಯೂ ಕೇಳುವುದಿಲ್ಲ ಎಂದೆ. ಅದನ್ನು ಹೇಳುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಈಗ ನೋಡ್ಲಿಕತ್ತಾರೇನು?" ಎಂದರು ಬೀಗತಿ, ಸೆರಗು ಸರಿಮಾಡಿಕೊಳ್ಳುತ್ತ.

"ನೋಡ್ಲಿಕತ್ತಾಳ್ರಿ. ಆದ್ರ ಈಗಿಂದಲ್ಲ. ನೀವು ಈಗ ಕೇಳಿದ್ದು ಆಕೀಗಿ ಅರ್ಧ ನಿಮಿಷ ಬಿಟ್ಟು ಕೇಳ್ತದ."

ಅವರು ಬಹಳ ಗಂಭೀರವಾಗಿ ಯೋಚಿಸಿದರು. ಆಮೇಲೆ ಅವರ ಮುಖ ಸಡಿಲವಾಯಿತು. "ಹಂಗಾದ್ರ ತಕರಾರಿಲ್ಲ ಬಿಡ್ರಿ. ಆಗಿ ಹೋಗಿದ್ದು ನೋಡ್ಲಿಕತ್ತಾರ ಅವರು. ಕುಬಸದಾಗ ಅವರು ಇದ್ದಂಗ ಆಗಲಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಚಾಪೆಯ ಮೇಲೆ ಕೂತರು. ಉಳಿದವರೂ ಕೂತರು. ಒಂದು ವಾರ ಯಾವುದನ್ನು ಕಡಿಮೆ ಮಾಡಲು ಜೀವ ತೇಯ್ದಿದ್ದೆನೋ ಅದೇ ನನ್ನ ಅಕ್ಕನಿಗೆ ನೋಡಲು ಅಪ್ಪಣೆ ಕೊಡಿಸಿತ್ತು. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತೆ.

ಹುಡುಗಿ ಹಸಿರು ಸೀರೆಯಲ್ಲಿ ಕುರ್ಚಿಯ ಮೇಲೆ ಕೂತಳು. ಮಾರಿ ಒತ್ತಿದೆ, ಮಾರಿಯೇ ಬಂತು. ಬಳೆಗಾರ್ತಿ ಬಂದಾಗ ಕೈ ಒತ್ತಿದೆ. ಬಲಗೈ ಎಡಗೈಯಂತೆ ಕಾಣುತ್ತಿತ್ತು, ಕನ್ನಡಿಯ ಹಾಗೆ. ಸರಿಮಾಡಲು ಹೋಗಿ ಚಿತ್ರವನ್ನು ಬುಡಮೇಲು ಮಾಡಿದೆ, ಎರಡು ಬಳೆ ಏರುವಷ್ಟು ಹೊತ್ತು ಅಕ್ಕ ತಲೆಕೆಳಗಾದ ಮಗಳನ್ನು ನೋಡಿರಬೇಕು. ಉಡಿ ತುಂಬುವಾಗ ಕೊಂಡಿಯ ಫೋನು ನಿಧಾನವಾಗಿ ಸುತ್ತತೊಡಗಿತು. ಕೊಬ್ಬರಿ, ಉತ್ತತ್ತಿ, ಎಲೆಅಡಿಕೆ ಎಲ್ಲವೂ ಗಾಣದೆತ್ತಿನಂತೆ ಸುತ್ತುತ್ತಿದ್ದವು. ಹಾಡು ಹೇಳುತ್ತಿದ್ದ ಹೆಂಗಸರು ನನ್ನ ಗೊಣಗಾಟ ಕೇಳಿ ನಕ್ಕರು. ಆ ನಗುವೂ ಚಿಂಚೋಳಿಗೆ ಹೋಯಿತು, ತಡವಾಗಿ.

ಮತ್ತೆ ಮಾರಿ ಒತ್ತಿದೆ, ಆರತಿಯಾಯಿತು. ಎಲ್ಲರೂ ಒಂದೊಂದು ಹಿಡಿ ಅಕ್ಕಿಕಾಳು ತೆಗೆದುಕೊಂಡು ಸುತ್ತ ನಿಂತು ಹಾಕಿದರು. ನಾನೂ ಎದ್ದು ಹಾಕಿದೆ. ಮುಗಿಯುತ್ತಲೇ ಹೆಂಗಸರು ಊಟಕ್ಕೆಂದು ಹಿಂದಿನ ಕೋಣೆಗೆ ಸರಿದರು, ಹೋಳಿಗೆಯ ವಾಸನೆ ಆಗಲೇ ಎಲ್ಲರನ್ನೂ ಕರೆದಿತ್ತು. ಹುಡುಗಿ ಏಳಲಿಲ್ಲ. ಉಡಿಯನ್ನು ಎರಡೂ ಕೈಯಿಂದ ಹಿಡಿದು ತಲೆ ಬಗ್ಗಿಸಿ ಕೂತೇ ಇದ್ದಳು.

"ಏಳವ್ವ, ಭಾಳ ಹೊತ್ತಾತು, ಊಟಕ್ಕ ನಡಿ" ಎಂದರು ಯಾರೋ.

"ಜರಾ ತಡೀರಿ" ಎಂದಳು, ತಲೆ ಎತ್ತದೆ.

ತಲೆ ಸುತ್ತುತ್ತಿದೆಯೋ ಏನೋ ಎಂದು ಒಬ್ಬರು ನೀರು ತರಲು ಓಡಿದರು. ಇನ್ನೊಬ್ಬರು ರಟ್ಟೆ ಹಿಡಿದು ಎಬ್ಬಿಸಲು ಬಂದರು. ನನಗೂ ಏನೂ ತಿಳಿಯಲಿಲ್ಲ, ಹೆದರಿಕೆಯಾಯಿತು. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು, ಎಣಿಸುತ್ತಿದ್ದಳು. ಹನ್ನೊಂದು, ಹನ್ನೆರಡು. ಆಗ ನನ್ನ ತಲೆಗೆ ಹೊಳೆಯಿತು. ನನಗಿಂತ ಮೊದಲು ಬೀಗತಿ ಎದ್ದು ಬಂದು, ರಟ್ಟೆ ಹಿಡಿದಿದ್ದ ಹೆಂಗಸಿನ ಕೈಯನ್ನು ಮೆಲ್ಲಗೆ ಬಿಡಿಸಿದರು.

"ಬಿಡ್ರಿ, ಕುಂದರ್ಲಿ. ಆಕಿ ಅವ್ವನ ಅಕ್ಕಿಕಾಳು ಇನ್ನಾ ಬಂದಿಲ್ಲ" ಎಂದರು.

ಹೊರಗೆ ರಾವೂರ ಕಡೆಯಿಂದ ಕಲ್ಲು ತುಂಬಿದ ಲಾರಿಯೊಂದು ಹೋಯಿತು, ಕಿಟಕಿಯ ಗಾಜು ಅದುರಿತು. ಹುಡುಗಿ ಎಣಿಸಿ ಮುಗಿಸಿದಳು. ಇನ್ನೊಂದೆರಡು ಹೆಚ್ಚೇ ಎಣಿಸಿರಬೇಕು. ಕಣ್ಣು ಒರೆಸಿಕೊಂಡು, ಅತ್ತೆಯ ಕೈ ಹಿಡಿದು ಎದ್ದು ಊಟಕ್ಕೆ ಹೋದಳು. ಬೀಗತಿ ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ಜಾಗ ಸಾಲದೆಂದು ಯಜಮಾನರು ತಕ್ಷಣ ಕುರ್ಚಿಯನ್ನು ಎತ್ತಿ ಒಳಗಿಟ್ಟು ಅಲ್ಲೇ ಎಲೆ ಹಾಕತೊಡಗಿದರು.

ನಾನು ಪ್ರಸಾರ ನಿಲ್ಲಿಸಿ, ಸ್ಟ್ಯಾಂಡಿನಿಂದ ನನ್ನ ಫೋನು ಬಿಚ್ಚಿಕೊಂಡು ಹಿತ್ತಲಿಗೆ ಹೋದೆ. ಅಕ್ಕ ಮೊದಲ ರಿಂಗಿಗೇ ಎತ್ತಿದಳು.

"ಹಾಕಿದೇನು?" ಎಂದೆ.

"ಎಲ್ಲಾರೂ ಹಾಕೋ ಹೊತ್ತಿಗಿ ನನ್ನ ಕೈನೇ ಏಳಲಿಲ್ಲ. ಮುಟಿಗ್ಯಾಗ ಹಿಡಕೊಂಡು ಕುಂತೆ. ನಾ ಹಾಕಬಾರ್ದೇನೋ ಅನಸ್ತು. ಅವರೆಲ್ಲಾ ಸರದ್ರು. ಆಕಿ ಒಬ್ಬಾಕೇ ತಲಿ ಬಗ್ಗಿಸ್ಕೊಂಡು ಕುಂತೇ ಕುಂತಳು. ಯಾಕ ಏಳವಲ್ಲಳು ಅಂತ ಮೊದಲ ತಿಳೀಲಿಲ್ಲ."

"ಆಮ್ಯಾಲ?"

"ಆಮ್ಯಾಲ ನಮ್ಮ ಬೀಗತಿ ಅಂದಿದ್ದು ಕೇಳಸ್ತು. ನನ್ನ ಸಲುವಾಗಿ ಕುಂತಾಳ ಅಂತ ತಿಳೀತು. ಅಷ್ಟರಾಗ ಆಕಿ ಕಣ್ಣು ಒರಸ್ಕೊಂಡು ಏಳ್ಲಿಕತ್ತಿದ್ಳು. ಆಕಿ ಏಳೋದ್ರಾಗ ಹಾಕಿಬಿಟ್ಟೆ." ನಂತರ ಸಣ್ಣ ಧ್ವನಿಯಲ್ಲಿ ಕೇಳಿದಳು, "ಬಿತ್ತೇನು?"

ಇಷ್ಟು ದಿನ ಬಗೆಹರಿಯದ ಲೆಕ್ಕ ಆಗ ಒಂದೇ ಕ್ಷಣಕ್ಕೆ ಬಗೆಹರಿಯಿತು. ಅಕ್ಕನ ಪರದೆಯಲ್ಲಿ ಹುಡುಗಿ ಏಳುತ್ತಿದ್ದಾಗ ಇಲ್ಲಿ ಅವಳು ಎದ್ದುಹೋಗಿ ಇಪ್ಪತ್ತೆಂಟು ಸೆಕೆಂಡು ಆಗಿತ್ತು. ಕುರ್ಚಿಯೂ ಅಲ್ಲಿರಲಿಲ್ಲ.

"ಬಿತ್ತು ಅಕ್ಕ. ಆಕಿ ತಲಿ ಮ್ಯಾಲೇ ಬಿತ್ತು" ಎಂದೆ.

ಅಕ್ಕ ಅತ್ತಳು, ನಾನೂ ಅತ್ತೆ. ಸಾದಾ ಫೋನಿನಲ್ಲಿ ತಡ ಇರುವುದಿಲ್ಲ, ಇಬ್ಬರೂ ಒಂದೇ ಹೊತ್ತಿಗೆ ಅತ್ತೆವು.